ವಿಷಯಾಂತರ

ನನ್ನ ಹಳೆಯ ಟ್ರಂಕಿನ ತಳದಲ್ಲಿ ಒಂದು ಕಿರುಪ್ರಬಂಧವಿದೆ. ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿ, 1992ರಲ್ಲಿ, ನಮ್ಮ ತಾಲ್ಲೂಕಿನ ಶಾಸನಗಳ ಭಾಷೆ ಮತ್ತು ಲಿಪಿಯ ಮೇಲೆ ಬರೆದದ್ದು. ಅದರ ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದವಿದೆ: ‘ವಿಷಯಾಂತರ’. ಕೆಳಗೆ ಎರಡು ಗೆರೆ. ಮೊದಲನೆಯ ಗೆರೆ ಸಿಟ್ಟಿನಲ್ಲಿ, ಎರಡನೆಯದು ಇನ್ನೂ ಹೆಚ್ಚಿನ ಸಿಟ್ಟಿನಲ್ಲಿ ಎಳೆದಂತೆ ಕಾಣುತ್ತದೆ.

ಆ ಪದದ ದೆಸೆಯಿಂದ ನನಗೆ ಹದಿಮೂರು ಅಂಕ ಹೋಯಿತು. ಅದರ ಹಿಂದೆಯೇ ಪ್ರಥಮ ದರ್ಜೆಯೂ ಹೋಯಿತು. ಮೂವತ್ತು ಚಿಲ್ಲರೆ ವರ್ಷಗಳಾದ ಮೇಲೆ ಆ ಜಗಳ ಈಗೇಕೆ ಎಂದು ನೀವು ಕೇಳಬಹುದು. ಅಂಕದ ದುಃಖ ಎಂದೋ ಆರಿದೆ. ಆದರೆ ಆ ಕೆಂಪು ಶಾಯಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಆರಿಲ್ಲ. ಒಂದು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ ಇನ್ನೊಂದು ವಿಭಾಗದ ಬಾಗಿಲು ತಟ್ಟಿದರೆ ಅವನನ್ನು ದಾರಿ ತಪ್ಪಿದ ದನದಂತೆ ಹಿಡಿದು ಮತ್ತೆ ದೊಡ್ಡಿಗೆ ಕಟ್ಟುವ ಕೆಲಸ ಇಂದಿಗೂ ನಡೆದಿದೆ. ನನ್ನ ತಕರಾರು ಇರುವುದು ಅದರ ಮೇಲೆ.

ಮೊದಲು ನನ್ನ ವಿಷಯಾಂತರ ಏನೆಂಬುದನ್ನು ಹೇಳಿಬಿಡುತ್ತೇನೆ.

ನಾನು ಆರಿಸಿಕೊಂಡಿದ್ದ ಊರೊಂದರಲ್ಲಿ ಎರಡು ಮುಖ್ಯ ಶಾಸನಗಳಿದ್ದವು. ಒಂದು ದೇವಸ್ಥಾನದ ನವರಂಗದಲ್ಲಿದ್ದ ಹೊಯ್ಸಳರ ಕಾಲದ್ದು. ಅಕ್ಷರಗಳು ಮುತ್ತು ಪೋಣಿಸಿದಂತೆ. ಒಂದೊಂದು ಬಳ್ಳಿಯೂ ಸುಳಿಯೂ ಸ್ಪಷ್ಟ. ಇನ್ನೊಂದು ಕೆರೆ ಏರಿಯ ಮೇಲಿದ್ದ ವಿಜಯನಗರದ ಕಾಲದ್ದು. ಅಕ್ಷರಗಳು ದಪ್ಪ, ಒರಟು, ಒಂದಕ್ಕೊಂದು ದೂರ ದೂರ. ಕೊನೆಯಲ್ಲಿ ಕೆತ್ತಿದ ರೂವಾರಿಯ ಹೆಸರು ಅರ್ಧ ಒಡೆದು ಉಳಿದಿತ್ತು. ನಾನು ಇಪ್ಪತ್ತೆರಡರ ಹುಡುಗ. ನನಗೆ ಸಿದ್ಧಾಂತ ಬೇಕಾಗಿತ್ತು. ‘ಹೊಯ್ಸಳರ ತರುವಾಯ ಲಿಪಿಕಲೆ ಅವನತಿಗಿಳಿಯಿತು, ರೂವಾರಿಗಳಲ್ಲಿ ಶ್ರದ್ಧೆ ಕುಗ್ಗಿತು’ ಎಂದು ಬರೆದು ಬೀಗಿದೆ. ಮೇಷ್ಟರು ಓದಿ ‘ಚೆನ್ನಾಗಿದೆ’ ಎಂದರು.

ನಮ್ಮ ವಿಭಾಗದ ಎದುರಿಗೇ, ರಸ್ತೆಯ ಆಚೆ, ಭೂವಿಜ್ಞಾನ ವಿಭಾಗವಿತ್ತು. ನಡುವೆ ಒಂದು ಸಂಪಿಗೆ ಮರ, ಒಂದು ಚಹಾದ ಗೂಡಂಗಡಿ. ಆ ಅಂಗಡಿಯಲ್ಲಿ ಒಂದು ಸಂಜೆ ನನ್ನ ಶಾಸನದ ಫೋಟೋಗಳನ್ನು ಗೆಳೆಯನಿಗೆ ತೋರಿಸುತ್ತಿದ್ದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಭೂವಿಜ್ಞಾನದ ಅಧ್ಯಾಪಕರೊಬ್ಬರು ಬಗ್ಗಿ ನೋಡಿದರು.

“ಇದು ಯಾವ ಕಲ್ಲಪ್ಪಾ?”

“ಶಾಸನದ ಕಲ್ಲು ಸಾರ್.”

ಅವರು ನಗಲಿಲ್ಲ. ಇಂದು ನೆನೆದರೆ ಅವರ ದೊಡ್ಡತನ ಅದೇ ಅನ್ನಿಸುತ್ತದೆ. “ಎರಡೂ ಒಂದೇ ಕಲ್ಲಾ ನೋಡಿದೆಯಾ?” ಎಂದು ಕೇಳಿದರು. ನಾನು ಎರಡು ವರ್ಷದಿಂದ ಆ ಕಲ್ಲುಗಳ ಮೇಲೆ ಕೈಯಾಡಿಸಿದ್ದೆ, ಸುಣ್ಣ ಬಳಿದಿದ್ದೆ, ಅಚ್ಚು ತೆಗೆದಿದ್ದೆ. ಕಲ್ಲನ್ನು ಮಾತ್ರ ನೋಡಿರಲಿಲ್ಲ. ಅವರು ಹೇಳಿದರು: “ಬುಧವಾರ ಮಧ್ಯಾಹ್ನ ನಮ್ಮ ಮೊದಲ ವರ್ಷದ ಹುಡುಗರಿಗೆ ಶಿಲೆಗಳ ಪ್ರಾಯೋಗಿಕ ತರಗತಿ ಇರುತ್ತದೆ. ಬಂದು ಕೂತುಕೋ.”

ಹೋದೆ. ಒಂದಲ್ಲ, ಹದಿನಾಲ್ಕು ಬುಧವಾರ ಹೋದೆ. ಖನಿಜಗಳ ಗಟ್ಟಿತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕವನ್ನು ಅಲ್ಲಿ ಕಲಿತೆ. 1812ರಲ್ಲಿ ಹುಟ್ಟಿ, ಭೂವಿಜ್ಞಾನಿಗಳು ಇಂದಿಗೂ ಬಳಸುತ್ತಿರುವ ಸರಳ ಲೆಕ್ಕ ಅದು. ಉಗುರಿನಿಂದ ಗೀರಬಹುದಾದ ಬಳಪದ ಖನಿಜಕ್ಕೆ ಒಂದು. ಚಾಕುವಿನ ಮೊನೆಗೂ ಜಗ್ಗದ ಬೆಣಚಿಗೆ ಏಳು. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಅದು ಮೃದು, ಗಾಳಿಗೊಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಗೆರೆಯನ್ನೂ ಕೊರೆಯಬಹುದು. ಕಣಶಿಲೆ, ಅಂದರೆ ಗ್ರಾನೈಟ್, ಹಾಗಲ್ಲ. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಇವೆಲ್ಲ ಕಾಳು ಕಾಳಾಗಿ ಹೆಣೆದುಕೊಂಡಿರುತ್ತವೆ. ಒಂದು ಕಾಳು ಉಳಿಗೆ ಬಿಟ್ಟುಕೊಡುತ್ತದೆ, ಪಕ್ಕದ್ದು ಕೊಡುವುದಿಲ್ಲ. ಸಣ್ಣ ಗೆರೆ ಎಳೆಯಲು ಹೋದರೆ ಅಂಚು ಸಿಡಿಯುತ್ತದೆ. ಹಂಪಿಯ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಇರುವುದು ಆ ಬಂಡೆಯೇ.

ನಾನು ಊರಿಗೆ ಹೋಗಿ ಭೂತಗನ್ನಡಿ ಹಿಡಿದು ನೋಡಿದೆ. ನವರಂಗದ್ದು ಬಳಪದ ಕಲ್ಲು. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪದ ಜಾತಿಯದೇ. ಹೆಸರಿನಲ್ಲೇ ಗುಟ್ಟು ಇತ್ತು; ಭಾಷೆಯ ವಿದ್ಯಾರ್ಥಿಯಾದ ನನಗೇ ಕೇಳಿಸಿರಲಿಲ್ಲ. ಕೆರೆ ಏರಿಯದು ದಪ್ಪ ಕಾಳಿನ ಕಣಶಿಲೆ. ನಾನು ‘ಅಶ್ರದ್ಧ’ ಎಂದು ಬೈದಿದ್ದ ಆ ರೂವಾರಿ ಒಂದೊಂದು ಅಕ್ಷರಕ್ಕೂ ಎಷ್ಟು ಏಟು ಹಾಕಿರಬೇಕು, ಎಷ್ಟು ಸಲ ಉಳಿ ಕಾಯಿಸಿ ಹದ ಮಾಡಿರಬೇಕು! ದಪ್ಪ ಅಕ್ಷರ, ದೂರದ ಅಂತರ, ಇವೆರಡೂ ಆ ಕಲ್ಲಿನಲ್ಲಿ ಬುದ್ಧಿವಂತನೊಬ್ಬ ಮಾಡಬೇಕಾದದ್ದೇ. ಸತ್ತು ಐನೂರು ವರ್ಷವಾದ ಕೆಲಸಗಾರನ ಮರ್ಯಾದೆಯನ್ನು ನಾನು ತಿಳಿಯದೆ ಕಳೆದಿದ್ದೆ.

ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ಲಿಪಿಯ ಬದಲಾವಣೆಯಲ್ಲಿ ಕಾಲದ ಪಾಲೆಷ್ಟು, ಕಲ್ಲಿನ ಪಾಲೆಷ್ಟು ಎಂಬ ಪ್ರಶ್ನೆ ಎತ್ತಿದೆ. ಅದಕ್ಕೆ ಸಿಕ್ಕ ಬಹುಮಾನವೇ ಆ ಕೆಂಪು ಶಾಯಿ.

ಬುಧವಾರಗಳ ಲೆಕ್ಕವೂ ಬೇರೆ ಇತ್ತು. ಬುಧವಾರ ಮಧ್ಯಾಹ್ನ ನಮ್ಮಲ್ಲಿ ಛಂದಸ್ಸಿನ ತರಗತಿ. ಅನುಮತಿ ಕೇಳಲು ಮುಖ್ಯಸ್ಥರ ಬಳಿ ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ಲಯ್ಯಾ, ಕಲ್ಲು ಒಡೆಯೋದಕ್ಕೆ ಎಂ.ಎ. ಬೇಕಾ?” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಹೊಟ್ಟೆಪಾಡು. ಹಾಜರಾತಿ ಕಡಿಮೆ ಬಿತ್ತು. ಗುಮಾಸ್ತರ ಮುಂದೆ ನಿಂತು ದಂಡ ಕಟ್ಟಿದೆ. ಅತ್ತ ಭೂವಿಜ್ಞಾನದ ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಎರಡು ಕಡೆಯೂ ಗೈರುಹಾಜರಾಗಿ ನಾನು ಕಲಿತದ್ದು, ನನ್ನ ಎಂ.ಎ.ಯಲ್ಲಿ ಕಲಿತದ್ದರಲ್ಲೆಲ್ಲ ಹೆಚ್ಚು ಉಳಿದಿದೆ.

ಅದೆಲ್ಲ ಹಳೆಯ ಕಾಲ, ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಕಾಗದದ ಮೇಲೆ ಬದಲಾಗಿದೆ, ಒಪ್ಪುತ್ತೇನೆ. ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂದಿದೆ. ಸ್ನಾತಕೋತ್ತರ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರೆ ವಿಭಾಗದಿಂದ ಒಂದು ‘ಮುಕ್ತ ಆಯ್ಕೆ’ ಪತ್ರಿಕೆ ತೆಗೆದುಕೊಳ್ಳಬೇಕು ಎಂಬ ನಿಯಮ ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯವಾದದ್ದು 2009ರ ಯುಜಿಸಿ ನಿಯಮದಿಂದ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ‘ಬಹುಶಿಸ್ತೀಯ’ ಎಂಬ ಮಾತು ಮದುವೆಮನೆಯ ಪನ್ನೀರಿನಂತೆ ಎಲ್ಲೆಲ್ಲೂ ಚಿಮುಕಿಸಿದೆ. ಆ ನೀತಿಯನ್ನು ನಮ್ಮ ರಾಜ್ಯ 2021ರಲ್ಲಿ ಪದವಿ ತರಗತಿಗಳಿಗೆ ಅವಸರದಲ್ಲಿ ತಂದಿತು. 2024ರಲ್ಲಿ ಅಷ್ಟೇ ಅವಸರದಲ್ಲಿ ಹಿಂದೆ ಸರಿದು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ತಂದಾಗಲೂ ತೆಗೆದಾಗಲೂ ವಿದ್ಯಾರ್ಥಿಗೆ ಏನು ಬೇಕು ಎಂದು ಕೇಳಿದವರನ್ನು ನಾನು ನೋಡಲಿಲ್ಲ.

ಮುಕ್ತ ಆಯ್ಕೆ ನಡೆಯುವ ಬಗೆಯನ್ನು ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ. ಪ್ರತಿ ವಿಭಾಗವೂ ಹೊರಗಿನವರಿಗಾಗಿಯೇ ಒಂದು ಪತ್ರಿಕೆ ತಯಾರಿಸುತ್ತದೆ. ಅದು ಮನೆಯವರು ಉಣ್ಣುವ ಊಟವಲ್ಲ. ಜಗಲಿಯ ಮೇಲೆ ಕೂತವರಿಗೆ ಕೊಡುವ ನೀರುಮಜ್ಜಿಗೆ. ಇತಿಹಾಸದವರದು ‘ಪ್ರವಾಸೋದ್ಯಮ ಪರಿಚಯ’, ನಮ್ಮದು ‘ವ್ಯಾವಹಾರಿಕ ಕನ್ನಡ’. ಯಾರು ಧಾರಾಳವಾಗಿ ಅಂಕ ಕೊಡುತ್ತಾರೆಂಬ ಸುದ್ದಿ ಹಾಸ್ಟೆಲಿನಲ್ಲಿ ಮೊದಲೇ ಹರಡಿರುತ್ತದೆ. ಒಂದು ಪತ್ರಿಕೆಗೆ ಇನ್ನೂರು ಜನ, ಇನ್ನೊಂದಕ್ಕೆ ಮೂವರು. ವೇಳಾಪಟ್ಟಿಯಲ್ಲಿ ಎಲ್ಲ ವಿಭಾಗಗಳ ಮುಕ್ತ ಆಯ್ಕೆಗೂ ಒಂದೇ ಗಂಟೆ. ಆ ಗಂಟೆಯಲ್ಲಿ ಯಾವ ವಿಭಾಗದಲ್ಲೂ ಅದರ ನಿಜವಾದ ಪಾಠ ನಡೆಯುವುದಿಲ್ಲ. ಸಂಖ್ಯಾಶಾಸ್ತ್ರ ಕಲಿಯಬೇಕೆಂಬ ಸಮಾಜಶಾಸ್ತ್ರದ ಹುಡುಗಿ ಸಂಖ್ಯಾಶಾಸ್ತ್ರದವರ ತರಗತಿಗೆ ಹೋಗಲಾರಳು. ‘ಇತರರಿಗಾಗಿ ಸಂಖ್ಯಾಶಾಸ್ತ್ರ’ಕ್ಕೆ ಹೋಗಬೇಕು. ಅಲ್ಲಿ ಅವಳಿಗೆ ಹೈಸ್ಕೂಲಿನ ಸರಾಸರಿಯನ್ನೇ ಮತ್ತೊಮ್ಮೆ ಹೇಳಿಕೊಡುತ್ತಾರೆ.

ಇದಕ್ಕೆಲ್ಲ ಬೇರು ಎಲ್ಲಿದೆ? ಜ್ಞಾನದ ಗಡಿಯಲ್ಲಿಲ್ಲ, ಕಾರ್ಯಭಾರದ ತಖ್ತೆಯಲ್ಲಿದೆ. ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ಗಂಟೆ ಪಾಠವಿರಬೇಕು, ಮೇಲಿನವರಿಗೆ 14. ವಿದ್ಯಾರ್ಥಿ ಆಚೆ ಹೋದರೆ ನಮ್ಮ ಗಂಟೆ ಕಡಿಮೆಯಾಗುತ್ತದೆ. ಗಂಟೆ ಕಡಿಮೆಯಾದರೆ ಹುದ್ದೆ ಕಡಿಮೆಯಾಗುತ್ತದೆ. ಇದರ ಪೆಟ್ಟು ಮೊದಲು ಬೀಳುವುದು ಅತಿಥಿ ಉಪನ್ಯಾಸಕರ ತಟ್ಟೆಗೆ. ಅವರ ಸಂಕಟವನ್ನು ನಾನು ಹಗುರವಾಗಿ ನೋಡಲಾರೆ. ನಾನೂ ಆರು ವರ್ಷ ಅದೇ ಗಂಜಿ ಕುಡಿದವನು. ಆದರೆ ಅಧ್ಯಾಪಕನ ಅನ್ನವನ್ನು ವಿದ್ಯಾರ್ಥಿಯ ಕಾಲಿಗೆ ಹಗ್ಗವಾಗಿ ಕಟ್ಟಿರುವ ಈ ಲೆಕ್ಕಾಚಾರವನ್ನು ಮಾಡಿದವರು ಯಾರು? ಅವರನ್ನು ಕೇಳುವ ಬದಲು ನಾವು ಹಗ್ಗವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೇವೆ.

ಇನ್ನು ತಾತ್ವಿಕ ಆಕ್ಷೇಪಣೆಗಳು. ಮೊದಲನೆಯದು, ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುತ್ತಾರೆ, ಸ್ನಾತಕೋತ್ತರವೆಂದರೆ ಆಳ, ಅಗಲವಲ್ಲ ಎಂಬುದು. ಕೇಳಲು ಸರಿಯಾಗಿದೆ. ಆದರೆ ಬಾವಿ ತೋಡುವವರನ್ನು ಕೇಳಿ ನೋಡಿ: ಆಳಕ್ಕೆ ಹೋಗಬೇಕಾದರೆ ಬಾಯಿ ಅಗಲ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮಣ್ಣು ಕುಸಿಯುತ್ತದೆ. ನಾನು ಭೂವಿಜ್ಞಾನಿಯಾಗಲು ಹೋಗಲಿಲ್ಲ. ನನ್ನ ಶಾಸನ ನನಗೆ ಅರ್ಥವಾಗಬೇಕಾಗಿತ್ತು, ಅದಕ್ಕೆ ಹೋದೆ. ದಾಮೋದರ ಧರ್ಮಾನಂದ ಕೋಸಂಬಿ ವೃತ್ತಿಯಿಂದ ಗಣಿತಜ್ಞರು. ಬಳಕೆಯಲ್ಲಿ ನಾಣ್ಯ ಸವೆಯುತ್ತದೆ, ಸವೆತಕ್ಕೂ ಕಾಲಕ್ಕೂ ಲೆಕ್ಕವಿದೆ ಎಂದು ಕಂಡು ಅವರು ಪ್ರಾಚೀನ ನಾಣ್ಯಗಳನ್ನು ಒಂದೊಂದಾಗಿ ತೂಗಿದರು. ಇತಿಹಾಸ ಬರೆಯುವ ಬಗೆಯೇ ಅವರಿಂದ ಬದಲಾಯಿತು. ಸಿ.ವಿ. ರಾಮನ್ ಮೃದಂಗದ ಕಪ್ಪು ಲೇಪ ನಾದವನ್ನು ಹೇಗೆ ಹದಗೊಳಿಸುತ್ತದೆ ಎಂದು 1920ರಷ್ಟು ಹಿಂದೆಯೇ ಬರೆದರು. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಇಂಗ್ಲಿಷ್ ಎಂ.ಎ. ಮಾಡಿ, ಪಾಠ ಹೇಳುತ್ತಿದ್ದವರು, ಮತ್ತೆ ವಿದ್ಯಾರ್ಥಿಯಾಗಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತರು, 1963ರಲ್ಲಿ ಪಿಎಚ್.ಡಿ. ಪಡೆದದ್ದೂ ಅದರಲ್ಲೇ. ವಚನಗಳನ್ನು ಅವರು ಓದಿದ ಬಗೆಯಲ್ಲಿ ಆ ಕಲಿಕೆಯ ಕಣ್ಣಿದೆ.

“ಅವರೆಲ್ಲ ಪ್ರತಿಭಾವಂತರು, ನಿಮ್ಮ ಮಾಮೂಲಿ ಹುಡುಗರಿಗೆ ಅದೆಲ್ಲ ಯಾಕೆ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರತಿಭಾವಂತ ಗೋಡೆ ಹಾರಿಯಾದರೂ ಹೋಗುತ್ತಾನೆ ಸ್ವಾಮಿ. ಬಾಗಿಲು ಬೇಕಾಗಿರುವುದೇ ಮಾಮೂಲಿ ಹುಡುಗನಿಗೆ.

ಇನ್ನೊಂದು ಮಾತು. ಕನ್ನಡ ವಿಭಾಗದ ನಾವಂತೂ ಬೇಲಿಯ ಮಾತು ಆಡಲೇಬಾರದು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ಕಾಲಕ್ಕೇ ಅವನ ಆಶ್ರಯದಲ್ಲಿ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಹುಟ್ಟಿತು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಂತರ್ಜಲ ಕಾಣುವ ಬಗೆಯಿಂದ ಹಿಡಿದು ಅಡಿಗೆಯವರೆಗೆ ಎಲ್ಲವೂ ಉಂಟು. 12ನೆಯ ಶತಮಾನದ ರಾಜಾದಿತ್ಯ ಲೆಕ್ಕವನ್ನು ಕನ್ನಡ ಪದ್ಯದಲ್ಲಿ ಹೇಳಿದ. 14ನೆಯ ಶತಮಾನದ ಮಂಗರಾಜ ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ವೆಂಬ ಇಡೀ ಕಾವ್ಯವನ್ನೇ ಬರೆದ. ಇವೆಲ್ಲ ಈಗ ನಮ್ಮ ಕಪಾಟಿನಲ್ಲಿವೆ. ಲೆಕ್ಕ ಬಲ್ಲವರಿಗೆ ಹಳಗನ್ನಡ ಬಾರದು, ಹಳಗನ್ನಡ ಬಲ್ಲ ನಮಗೆ ಲೆಕ್ಕ ಬಾರದು. ನಾವು ಅವನ್ನು ‘ಶಾಸ್ತ್ರಸಾಹಿತ್ಯ’ ಎಂಬ ಐದು ಅಂಕದ ಟಿಪ್ಪಣಿಯಾಗಿ ಬರೆಸಿ, ಕೈ ತೊಳೆದುಕೊಂಡಿದ್ದೇವೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು, ಅದನ್ನು ಹೇಳುವವರು ವಿದ್ಯಾರ್ಥಿಗಳೇ. “ಸಾರ್, ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಂಕ ಹೋದರೆ ವಿದ್ಯಾರ್ಥಿವೇತನ ಹೋಗುತ್ತದೆ. ನೆಟ್‌ಗೆ ಯಾವಾಗ ಓದುವುದು?” ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹೀಗೆ ಕೇಳಿದಾಗ ಅವನಿಗೆ ಕೋಸಂಬಿಯ ಕಥೆ ಹೇಳುವುದು ಕ್ರೌರ್ಯ. ನನ್ನ ಹದಿಮೂರು ಅಂಕ ನನಗೆ ಎಷ್ಟು ವರ್ಷದ ಕೆಲಸ ತಪ್ಪಿಸಿತೆಂದು ನನಗೆ ಗೊತ್ತು. ಅದಕ್ಕೇ ನಾನು ಹೇಳುವುದು: ಹೊರಗಿನ ಪತ್ರಿಕೆಗೆ ಪಾಸು ಅಥವಾ ನಪಾಸು ಎಂದಷ್ಟೇ ಬರೆಯಿರಿ, ಅದರ ಅಂಕ ದರ್ಜೆಯ ಲೆಕ್ಕಕ್ಕೆ ಬರದಿರಲಿ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಬಿಡಿ. ಧೈರ್ಯ ಮಾಡುವವನಿಗೆ ದಂಡ ಹಾಕುವುದನ್ನು ನಿಲ್ಲಿಸಿ ನೋಡಿ, ಎಷ್ಟು ಜನ ರಸ್ತೆ ದಾಟುತ್ತಾರೆ.

ಇಷ್ಟೆಲ್ಲ ಬೈದಮೇಲೆ ನನ್ನ ಪಾಲಿನದನ್ನೂ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ.

2017ರಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದಳು. ಆಗ ನಾನೇ ವಿಭಾಗದ ಮುಖ್ಯಸ್ಥ. ಅವಳ ಅಜ್ಜ ಊರಲ್ಲಿ ಹಾವು ಕಚ್ಚಿದವರಿಗೆ ಔಷಧ ಕೊಡುತ್ತಿದ್ದರಂತೆ. ವಿಷಗಳ ಮೇಲೆ ಹಳಗನ್ನಡದಲ್ಲಿ ಒಂದು ಪುಸ್ತಕವಿದೆ ಎಂದು ಎಲ್ಲೋ ಓದಿದ್ದಳು. “ಅದನ್ನು ಓದಲು ಕಲಿಯಬೇಕು ಸಾರ್. ನಿಮ್ಮ ಎಂ.ಎ.ಯವರ ಹಳಗನ್ನಡದ ಕ್ಲಾಸಿಗೆ ಕೂತುಕೊಳ್ಳಲಾ?” ಎಂದಳು.

ನಾನು ಗಡಿಯಾರ ನೋಡಿದೆ. ಮೇಜಿನ ಮೇಲೆ ಕಾರ್ಯಭಾರದ ತಖ್ತೆ ಇತ್ತು. ಆ ಸಲ ನಮ್ಮ ವ್ಯಾವಹಾರಿಕ ಕನ್ನಡಕ್ಕೆ ಸಂಖ್ಯೆ ಕಡಿಮೆ ಬಿದ್ದಿತ್ತು. ಹೀಗೇ ಆದರೆ ಒಬ್ಬ ಅತಿಥಿ ಉಪನ್ಯಾಸಕರನ್ನು ಬಿಡಬೇಕಾಗಿತ್ತು. “ನೋಡಮ್ಮ, ಹಳಗನ್ನಡ ನಿನಗೆ ಕಷ್ಟವಾಗುತ್ತದೆ. ನಿಮ್ಮಂಥವರಿಗೆ ಅಂತಲೇ ಬೇರೆ ಪೇಪರ್ ಇದೆಯಲ್ಲ, ಅದನ್ನು ತೆಗೆದುಕೋ” ಎಂದೆ. ಅರ್ಜಿಗೆ ಸಹಿಯನ್ನೂ ಹಾಕಿಕೊಟ್ಟೆ. ಅವಳು ನೂರಕ್ಕೆ ತೊಂಬತ್ತೆರಡು ತೆಗೆದುಕೊಂಡಳು. ರಜೆ ಚೀಟಿ ಬರೆಯುವುದನ್ನೂ ಬ್ಯಾಂಕಿನ ಚಲನ್ ತುಂಬುವುದನ್ನೂ ನಮ್ಮಿಂದ ಕಲಿತು ಹೋದಳು.

ಅವಳು ಹೋದ ಎಷ್ಟೋ ದಿನದ ಮೇಲೆ ನನಗೆ ನೆನಪಾಯಿತು: ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕ ಆ ಮುಖ್ಯಸ್ಥರು. ನಾನು ನಗಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಗಾದೆ ಇದೆ. ಹೊಲದಲ್ಲಿ ಅಲೆದವನೇ ಎದ್ದು ಬೇಲಿಯಾದರೆ ಏನನ್ನಬೇಕೋ ಗಾದೆ ಮಾಡಿದವರು ಹೇಳಿಲ್ಲ. ಅಜ್ಜನ ಔಷಧವನ್ನೂ ತನ್ನ ಪ್ರಯೋಗಶಾಲೆಯನ್ನೂ ಒಟ್ಟಿಗೆ ಹಿಡಿದು ಬಂದ ಒಬ್ಬಳೇ ಒಬ್ಬ ವಿದ್ಯಾರ್ಥಿನಿಯನ್ನು ನಾನು ವಾಪಸು ಕಳಿಸಿದೆ. ಮಂಗರಾಜನ ವಿಷವೈದ್ಯವನ್ನು ರಸಾಯನಶಾಸ್ತ್ರ ಬಲ್ಲವರೊಬ್ಬರು ಮೂಲದಲ್ಲೇ ಓದುವ ಅವಕಾಶ ನಮ್ಮ ಕಟ್ಟಡದ ಬಾಗಿಲವರೆಗೆ ಬಂದಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಹೊರಗಿನವರಿಗಾಗಿ ತೆಳು ಮಾಡಿದ ಪತ್ರಿಕೆಗಳನ್ನು ಮುಚ್ಚಿ, ಪ್ರತಿ ವಿಭಾಗವೂ ತನ್ನ ನಿಜವಾದ ಪಾಠಗಳಲ್ಲಿ ನಾಲ್ಕು ಕುರ್ಚಿಗಳನ್ನು ಇತರರಿಗೆ ಬಿಡಲಿ. ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ಪ್ರಶ್ನೆಯನ್ನು ಬರೆಯಲಿ. ಪ್ರಶ್ನೆ ಇದ್ದವನಿಗೆ ಕುರ್ಚಿ. ಅವನು ಎಲ್ಲಿ ಕೂತಿದ್ದರೂ ಅವನ ಗಂಟೆ ಎರಡೂ ವಿಭಾಗಗಳ ಕಾರ್ಯಭಾರಕ್ಕೆ ಸೇರಲಿ, ಯಾರ ಅನ್ನವೂ ಹೋಗದಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾರ್ಥಿಗಳು ಬೇರೆ ವಿಭಾಗದ ಪಾಠಗಳನ್ನು ತೆಗೆದುಕೊಳ್ಳುವುದು ಮಾಮೂಲಿ ಸಂಗತಿ. ಅಲ್ಲಿ ಆಗುವುದು ನಮ್ಮ ಸಂಪಿಗೆ ಮರದ ಕೆಳಗೆ ಏಕೆ ಆಗಬಾರದು?

ಹೋದ ವರ್ಷ ನನ್ನ ಹಳಗನ್ನಡದ ತರಗತಿಯ ಬಾಗಿಲಿಗೆ ‘ಯಾವ ವಿಭಾಗದವರೂ ಬರಬಹುದು, ಹಾಜರಿ ಕೇಳುವುದಿಲ್ಲ’ ಎಂದು ಚೀಟಿ ಅಂಟಿಸಿದೆ. ಇಬ್ಬರು ಬಂದರು. ಒಬ್ಬ ಸಸ್ಯಶಾಸ್ತ್ರದವನು, ಮೂರು ವಾರಕ್ಕೆ ಬಿಟ್ಟ. ಇನ್ನೊಬ್ಬ ಭೂವಿಜ್ಞಾನದವನು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅವನನ್ನು ಊರಿನ ಕೆರೆ ಏರಿಗೆ ಕರೆದುಕೊಂಡು ಹೋಗಿ ಆ ಶಾಸನ ತೋರಿಸಿದೆ. ಅವನು ಮೊದಲು ಕಲ್ಲನ್ನು ಮುಟ್ಟಿ ನೋಡಿದ, ಆಮೇಲೆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದ. ರೂವಾರಿಯ ಹೆಸರಿನವರೆಗೆ ಬರಲು ಅವನಿಗೆ ಒಂದು ಗಂಟೆ ಹಿಡಿಯಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ.